ಎರಡನೇ ಭಾಗ ಕುಂಟುತ್ತಿದೆ: ಓದಬೇಕೋ, ಹಾರಿಸಬೇಕೋ, ಬಿಡಬೇಕೋ?

ಒಂದು ಫ್ಯಾಂಟಸಿ ಕಾದಂಬರಿ ಸರಣಿಯ ಮೊದಲ ಭಾಗವನ್ನು ನಿದ್ದೆಗೆಟ್ಟು ಓದಿ ಮುಗಿಸಿದ್ದೀರಿ. ಕಥೆ ಎಂಥಾ ತಿರುವಿನಲ್ಲಿ ನಿಂತಿತ್ತೆಂದರೆ, ಎರಡನೇ ಭಾಗ ಸಿಗುವವರೆಗೆ ಬೇರೆ ಪುಸ್ತಕ ಹಿಡಿಯಲು ಮನಸ್ಸೇ ಆಗಲಿಲ್ಲ. ಈಗ ಅದು ಕೈಯಲ್ಲಿದೆ. ಇನ್ನೂರು ಪುಟ ದಾಟಿದ್ದೀರಿ. ನಾಯಕ ಇನ್ನೂ ದಾರಿಯಲ್ಲೇ ಇದ್ದಾನೆ. ಕುದುರೆಗೆ ನೀರು ಕುಡಿಸುತ್ತಾನೆ, ಛತ್ರದಲ್ಲಿ ತಂಗುತ್ತಾನೆ, ಯಾರೋ ಮುದುಕ ಹಳೆಯ ಯುದ್ಧದ ಕಥೆ ಹೇಳುತ್ತಾನೆ, ಬೆಳಗಾಗುತ್ತದೆ, ಮತ್ತೆ ದಾರಿ. ಮುಚ್ಚಿಟ್ಟರೆ ಪಾತ್ರಗಳು ಬಿಡುವುದಿಲ್ಲ, ತೆರೆದರೆ ಆಕಳಿಕೆ ಬಿಡುವುದಿಲ್ಲ.

ಇಲ್ಲಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮುಂದೆ ಚೆನ್ನಾಗಿದೆಯಾ?" ಸರಣಿ ಮುಗಿಸಿದವರು "ಸ್ವಲ್ಪ ತಡ್ಕೊಳ್ಳಿ, ಕೊನೆಯ ನೂರು ಪುಟ ಅದ್ಭುತ" ಅನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹಾಗೆ ಹೇಳುವವರು ತಡೆದುಕೊಂಡವರು. ಮಧ್ಯದಲ್ಲೇ ಕೈಬಿಟ್ಟವರು ಉತ್ತರ ಹೇಳಲು ಅಲ್ಲಿ ಇರುವುದೇ ಇಲ್ಲ, ಅಲ್ವಾ? ಹಾಗಾಗಿ ಬೇರೆಯವರ ಭರವಸೆ ನಂಬುವುದಕ್ಕಿಂತ ಕೈಯಲ್ಲಿರುವ ಪುಸ್ತಕವನ್ನೇ ಸ್ವಲ್ಪ ಪರೀಕ್ಷೆ ಮಾಡಿ ನೋಡುವುದು ವಾಸಿ.

ದಾರಿಗಳು ಹಲವು ಇವೆ. ಪೂರ್ತಿ ಓದಬಹುದು. ಬೇಕಾದ ಅಧ್ಯಾಯಗಳನ್ನಷ್ಟೇ ಓದಬಹುದು. ಆಡಿಯೋಬುಕ್ ಕೇಳಬಹುದು. ಸಾರಾಂಶ ಓದಿ ಮುಂದಿನ ಭಾಗಕ್ಕೆ ಹಾರಬಹುದು. ಸದ್ಯಕ್ಕೆ ಎತ್ತಿಡಬಹುದು. ಬಿಟ್ಟೇಬಿಡಬಹುದು. ಕೆಳಗೆ ಕೆಲವು ಹೆಸರಾಂತ ಸರಣಿಗಳ ಉದಾಹರಣೆ ಬರುತ್ತದೆ. ಕಥೆಯ ದೊಡ್ಡ ಗುಟ್ಟುಗಳನ್ನು ಬಿಟ್ಟುಕೊಡುವುದಿಲ್ಲ, ಆದರೆ ಸಣ್ಣ ಸ್ಪಾಯ್ಲರ್ ಕೂಡ ಬೇಡ ಅನ್ನುವವರು ನೋಡಿಕೊಂಡು ಓದಿ.

ಯಾವ ಬಗೆಯ ನಿಧಾನ?

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಿಧಾನದಲ್ಲೂ ಬಗೆಗಳಿವೆ. ಅದನ್ನು ಗುರುತಿಸದೆ ತೀರ್ಮಾನ ಮಾಡಿದರೆ ಒಳ್ಳೆಯ ಪುಸ್ತಕ ಕೈತಪ್ಪಬಹುದು, ಇಲ್ಲವೇ ಸಪ್ಪೆ ಪುಸ್ತಕಕ್ಕೆ ಒಂದು ತಿಂಗಳು ಹೋಗಬಹುದು.

ಒಂದು, ನಿಜವಾಗಿ ಏನೂ ನಡೆಯದ ನಿಧಾನ. ಇದನ್ನು ಕಂಡುಹಿಡಿಯುವುದು ಸುಲಭ. ಈಚೆಗೆ ಓದಿದ ಮೂರು ಅಧ್ಯಾಯ ತೆಗೆದುಕೊಳ್ಳಿ. ಪ್ರತಿಯೊಂದರ ಕೊನೆಯಲ್ಲಿ ಯಾರಿಗಾದರೂ ಏನಾದರೂ ಬದಲಾಗಿದೆಯಾ? ಒಂದು ಸುದ್ದಿ ಗೊತ್ತಾಯಿತಾ, ಒಂದು ನಂಬಿಕೆ ಮುರಿಯಿತಾ, ವಾಪಸ್ ತೆಗೆದುಕೊಳ್ಳಲಾಗದ ಒಂದು ಮಾತು ಬಾಯಿಂದ ಬಂತಾ? ಮೂರರಲ್ಲೂ ಇಲ್ಲ ಅಂದರೆ ಲೇಖಕರು ಪುಟ ತುಂಬಿಸುತ್ತಿದ್ದಾರೆ. ನಿಮ್ಮ ತಾಳ್ಮೆಯದ್ದು ತಪ್ಪಲ್ಲ.

ಎರಡು, ಕಥೆ ನಡೆಯುತ್ತಿದೆ, ಆದರೆ ನಿಮಗೆ ಬೇಕಾದವರ ಕಥೆ ಅಲ್ಲ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ನಾಲ್ಕನೇ ಪುಸ್ತಕ, 2005ರಲ್ಲಿ ಬಂದ 'ಎ ಫೀಸ್ಟ್ ಫಾರ್ ಕ್ರೋಸ್'. ಬರೆಯುತ್ತಾ ಬರೆಯುತ್ತಾ ಒಂದೇ ಸಂಪುಟಕ್ಕೆ ಹಿಡಿಯದಷ್ಟಾಯಿತು. ಕಾಲದ ಪ್ರಕಾರ ಅರ್ಧಕ್ಕೆ ಕತ್ತರಿಸುವ ಬದಲು ಅವರು ಪಾತ್ರಗಳ ಪ್ರಕಾರ ಹಂಚಿದರು. ಹಾಗಾಗಿ ಬಹಳ ಜನರ ಅಚ್ಚುಮೆಚ್ಚಿನ ಜಾನ್, ಟಿರಿಯನ್, ಡೇನೆರಿಸ್ ಮೂವರ ಅಧ್ಯಾಯಗಳೂ ಮುಂದಿನ ಪುಸ್ತಕಕ್ಕೆ ಹೋದವು. ಆ ಪುಸ್ತಕ ಬಂದದ್ದು 2011ರಲ್ಲಿ. ಆರು ವರ್ಷ! ಆಗ ಓದಿದವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಅದು ವೇಗದ ಬಗ್ಗೆ ಹುಟ್ಟಿದ ಸಿಟ್ಟಲ್ಲ, ಕಾಣದ ಮುಖಗಳಿಗಾಗಿ ಹುಟ್ಟಿದ್ದು. ಇವತ್ತು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಓದುವವರಿಗೆ ಆ ತೊಂದರೆ ಬಹಳ ಕಡಿಮೆ.

ಮೂರು, ಲೇಖಕರ ಗಮನ ಒಂದು ಕಡೆ, ನಿಮ್ಮ ಗಮನ ಇನ್ನೊಂದು ಕಡೆ. ಪ್ಯಾಟ್ರಿಕ್ ರಾತ್‌ಫಸ್ ಅವರ ಸರಣಿಯ ಎರಡನೇ ಪುಸ್ತಕ 'ದಿ ವೈಸ್ ಮ್ಯಾನ್ಸ್ ಫಿಯರ್' ಓದಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ನಾಯಕ ಕ್ವೋತ್ ಹಡಗಿನಲ್ಲಿ ಹೋಗುತ್ತಾನೆ. ಕಡಲ್ಗಳ್ಳರು ಬರುತ್ತಾರೆ, ಹಡಗು ಒಡೆಯುತ್ತದೆ. ಬೇರೆಯವರಾದರೆ ಅದರಲ್ಲೇ ಅರ್ಧ ಪುಸ್ತಕ ಬರೆಯುತ್ತಿದ್ದರು. ಇಲ್ಲಿ ಅದೆಲ್ಲ ಕೆಲವೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ಮಾಯಾಲೋಕದ ಕಾಡಿನಲ್ಲಿ ಅವನು ಕಳೆಯುವ ದಿನಗಳು ಮಾತ್ರ ಅಧ್ಯಾಯದ ಮೇಲೆ ಅಧ್ಯಾಯವಾಗಿ ಎಳೆಯುತ್ತವೆ. ಇದು ಅಜಾಗರೂಕತೆ ಅಲ್ಲ, ಬೇಕೆಂದೇ ಮಾಡಿದ್ದು. ಕಥೆ ಹೇಳುವವನೇ ಕ್ವೋತ್. ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು ಅನ್ನುವುದೂ ಅವನ ಸ್ವಭಾವದ ಭಾಗ. ಹಾಗಂತ ನಿಮಗೆ ಅದು ಇಷ್ಟವಾಗಲೇಬೇಕು ಅಂತೇನಿಲ್ಲ. ಆದರೆ ಇಂಥ ಪುಸ್ತಕದಲ್ಲಿ "ಮುಂದೆ ವೇಗ ಬರುತ್ತದೆ" ಅಂತ ಕಾಯುವುದು ದಂಡ. ಬರೆಯುವ ರೀತಿಯೇ ಅದು.

ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಮರೆವು. ಮೊದಲ ಭಾಗ ಓದಿ ವರ್ಷಗಳಾಗಿವೆ. ಹೆಸರುಗಳು ಪರಿಚಿತ, ಸಂಬಂಧಗಳು ಮಸುಕು. "ಅವಳು ಆ ಉಂಗುರ ನೋಡಿ ಬೆಚ್ಚಿದಳು" ಅಂತ ಇದ್ದರೆ ನಿಮಗೆ ಆ ಉಂಗುರವೇ ನೆನಪಿಲ್ಲ. ಲೇಖಕರು ಬಾಂಬ್ ಹಾಕಿದ್ದಾರೆ, ನಿಮಗೆ ಸದ್ದೇ ಕೇಳಿಸಲಿಲ್ಲ. ಹೀಗಾಗಿದ್ದರೆ ಎರಡನೇ ಭಾಗವನ್ನು ಬೈಯುವ ಮೊದಲು ಮೊದಲ ಭಾಗದ ಕೊನೆಯ ಕಾಲು ಭಾಗವನ್ನು ಮತ್ತೆ ಓದಿ ನೋಡಿ. ಎಷ್ಟೋ ಸಲ ನಿಧಾನ ಅಲ್ಲಿಗೇ ಮಾಯವಾಗುತ್ತದೆ.

ಇನ್ನು ಮೂರು ಸಣ್ಣ ಪ್ರಶ್ನೆಗಳು

ಸರಣಿ ಮುಗಿದಿದೆಯಾ? ಮುಗಿದಿದ್ದರೆ ನಿಮ್ಮ ತಾಳ್ಮೆಗೆ ಫಲ ಸಿಗುವುದಂತೂ ಖಾತ್ರಿ, ಆ ಫಲ ಸಿಹಿಯೋ ಹುಳಿಯೋ ಬೇರೆ ಮಾತು. ಮುಗಿದಿಲ್ಲದಿದ್ದರೆ ಸಾಲ ಕೊಟ್ಟಂತೆ. ರಾತ್‌ಫಸ್ ಅವರ ಮೊದಲ ಪುಸ್ತಕ 2007ರಲ್ಲಿ, ಎರಡನೆಯದು 2011ರಲ್ಲಿ ಬಂತು. ಮೂರನೆಯದಕ್ಕೆ ಓದುಗರು ಅಂದಿನಿಂದ ಕಾಯುತ್ತಲೇ ಇದ್ದಾರೆ.

ಮೊದಲ ಭಾಗದಲ್ಲಿ ನಿಮ್ಮನ್ನು ಹಿಡಿದದ್ದು ಏನು? ಮುಂದೇನಾಗುತ್ತೆ ಅನ್ನುವ ಕುತೂಹಲವೋ, ಒಂದು ಪಾತ್ರವೋ, ಆ ಲೋಕವೋ? ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ಲೋಕವೇ ಇಷ್ಟವಾಗಿದ್ದವರಿಗೆ ಎರಡನೇ ಭಾಗದ ದಾರಿ, ಸಂತೆ, ದೇವಸ್ಥಾನ, ಮುದುಕನ ಕಥೆ ಎಲ್ಲವೂ ಹಬ್ಬ. ಕುತೂಹಲಕ್ಕೆ ಓದಿದವರಿಗೆ ಅದೇ ಶಿಕ್ಷೆ.

ಸಮಯ ಎಷ್ಟಿದೆ? ಇದನ್ನು ಗಂಟೆಯಲ್ಲೇ ಲೆಕ್ಕ ಹಾಕಿ. ದಪ್ಪ ಫ್ಯಾಂಟಸಿ ಸಂಪುಟ ಮೂರು ಲಕ್ಷ ಪದ ಇರುವುದು ಸಾಮಾನ್ಯ. ನಿಮಿಷಕ್ಕೆ 250 ಪದ ಓದಿದರೆ 20 ಗಂಟೆ. ನಿಮಿಷಕ್ಕೆ 150 ಪದದಂತೆ ಯಾರಾದರೂ ಓದಿ ಹೇಳಿದರೆ 33 ಗಂಟೆ. ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವವರಿಗೆ 20 ಗಂಟೆ ಅಂದರೆ 40 ದಿನ. ಪ್ರತಿದಿನ ಬೇಸರದಿಂದಲೇ ತೆರೆಯುವ ಪುಸ್ತಕಕ್ಕೆ ಇದು ಜಾಸ್ತಿ.

ಪೂರ್ತಿ ಓದುವುದು

ಪುಸ್ತಕ ಚಿಕ್ಕದಾಗಿದ್ದರೆ ಯೋಚನೆಯೇ ಬೇಡ, ಓದಿ ಮುಗಿಸಿ. ಅರ್ಸುಲಾ ಕೆ. ಲೆ ಗ್ವಿನ್ ಅವರ 'ಅರ್ಥ್‌ಸೀ' ಸರಣಿಯ ಎರಡನೇ ಪುಸ್ತಕ ಇದಕ್ಕೆ ಸರಿಯಾದ ಉದಾಹರಣೆ. 1968ರ ಮೊದಲ ಪುಸ್ತಕದಲ್ಲಿ ಮಾಂತ್ರಿಕ ಗೆಡ್‌ನ ಜೊತೆ ಸಮುದ್ರವೆಲ್ಲ ಸುತ್ತಿದವರು, 1971ರ ಎರಡನೆಯದನ್ನು ತೆರೆದರೆ ಒಂದು ಕತ್ತಲಿನ ಸಮಾಧಿ ಸ್ಥಳದಲ್ಲಿ ಬಂದು ಬೀಳುತ್ತಾರೆ. ಅಲ್ಲಿ ಒಬ್ಬ ಹುಡುಗಿ ಪೂಜಾರಿಣಿಯಾಗಿ ಬೆಳೆಯುತ್ತಿದ್ದಾಳೆ. ಗೆಡ್ ಬಹಳ ಹೊತ್ತು ಕಾಣುವುದೇ ಇಲ್ಲ. ಆದರೆ ಆ ಹುಡುಗಿಯ ಉಸಿರುಕಟ್ಟುವ ಬದುಕು ನಿಮಗೆ ಒಳಗಿನಿಂದ ಗೊತ್ತಾದ ಮೇಲೇ ಅವನು ಬಂದದ್ದಕ್ಕೆ ಬೆಲೆ. ಮೊದಲೇ ಬಂದಿದ್ದರೆ ಅದು ಅವನ ಇನ್ನೊಂದು ಸಾಹಸವಾಗುತ್ತಿತ್ತು, ಅಷ್ಟೇ. ಪುಸ್ತಕವೂ ತೆಳ್ಳಗಿದೆ. ಒಂದು ವಾರಾಂತ್ಯ ಸಾಕು.

ದಪ್ಪ ಪುಸ್ತಕಕ್ಕೆ ಪೂರ್ತಿ ಓದಿನ ದಾರಿ ಆರಿಸುವುದಾದರೆ, ಓದುವ ರೀತಿ ಬದಲಾಯಿಸಿ. ಮೊದಲ ಭಾಗ ಓದಿದ ಹಾಗೆ ಒಂದೇ ಉಸಿರಿಗೆ ಓದಲು ಹೋಗಬೇಡಿ. ದಿನಕ್ಕೆ ಒಂದು ಅಧ್ಯಾಯ, ಜೊತೆಗೆ ಇನ್ನೊಂದು ವೇಗದ ಪುಸ್ತಕ. ನಿಧಾನ ಪುಸ್ತಕದ ಮೇಲೆ ಸಿಟ್ಟು ಬರುವುದು ಅದೊಂದೇ ನಿಮ್ಮ ಓದನ್ನೆಲ್ಲ ತಡೆದು ಕೂತಾಗ. ರಾಬಿನ್ ಹಾಬ್ ಅವರ ಮೂರು ಪುಸ್ತಕಗಳ ಕಥೆಯಲ್ಲಿ ಎರಡನೆಯದಾದ 'ರಾಯಲ್ ಅಸಾಸಿನ್' ಥರದ ಪುಸ್ತಕಗಳಿಗೆ ಇದೇ ಸರಿಯಾದ ರೀತಿ. ಅದರಲ್ಲಿ ಕಥೆಯ ಬಹುಪಾಲು ಒಂದೇ ಕೋಟೆಯೊಳಗೆ, ಒಬ್ಬನೇ ಹುಡುಗನ ಬಾಯಲ್ಲಿ ನಡೆಯುತ್ತದೆ. ಹೊರಗೆ ದಾಳಿಗಳಾಗುತ್ತಿದ್ದರೂ ನಿಜವಾದ ಜಗಳ ಊಟದ ಮೇಜಿನಲ್ಲಿ, ಮೆಟ್ಟಿಲ ಮೇಲೆ, ಬಾಗಿಲ ಮರೆಯಲ್ಲಿ. ಪುಟ ಹಾರಿಸಿದರೆ ಅದೆಲ್ಲ ಕೈಯಿಂದ ಜಾರುತ್ತದೆ. ಹೇಗೂ ಆ ಮೂರು ಪುಸ್ತಕಗಳ ಕಥೆ 1997ಕ್ಕೇ ಮುಗಿದಿದೆ, ಕಾಯುವ ಗೋಳಿಲ್ಲ.

ಆಯ್ದು ಓದುವುದು

ನನ್ನ ಪ್ರಕಾರ ಹೆಚ್ಚು ಜನರಿಗೆ ಹೊಂದುವ ದಾರಿ ಇದು. ಆದರೆ ಇದನ್ನು ಒಪ್ಪಿಕೊಳ್ಳಲು ಓದುಗರಿಗೆ ಏನೋ ಮುಜುಗರ. ಪುಟ ಹಾರಿಸಿದರೆ ಪಾಪ ಬರುತ್ತದೆಯೇ? ಇಲ್ಲವಲ್ಲ.

ಇದು ಎಲ್ಲ ಪುಸ್ತಕಕ್ಕೂ ಆಗುವುದಿಲ್ಲ. ಒಬ್ಬನೇ ನಿರೂಪಕ ಇದ್ದರೆ ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು ಗೊತ್ತಾಗುವುದಿಲ್ಲ. ಅಧ್ಯಾಯಕ್ಕೊಂದು ಪಾತ್ರದ ಕಣ್ಣಿನಿಂದ ಹೇಳುವ ಪುಸ್ತಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಾರ್ಟಿನ್ ಅವರ ಪುಸ್ತಕಗಳಲ್ಲಿ ಹೆಚ್ಚಿನ ಅಧ್ಯಾಯಗಳ ತಲೆಬರಹವೇ ಪಾತ್ರದ ಹೆಸರು. ಸುಮ್ನೆ ಹೆಸರು ನೋಡಿ ನಿರ್ಧರಿಸಬಹುದು. ನಾಲ್ಕನೇ ಮತ್ತು ಐದನೇ ಪುಸ್ತಕಗಳ ಅಧ್ಯಾಯಗಳನ್ನು ಕಾಲಕ್ರಮಕ್ಕೆ ಹೆಣೆದು ಒಂದೇ ಪುಸ್ತಕದಂತೆ ಓದುವ ಪಟ್ಟಿಗಳನ್ನೂ ಅಭಿಮಾನಿಗಳೇ ಮಾಡಿಟ್ಟಿದ್ದಾರೆ. ಬೇಕಾದ ಮುಖಗಳು ನಡುನಡುವೆ ಬರುತ್ತಿದ್ದರೆ ಬೇಡದ ಅಧ್ಯಾಯಗಳೂ ಸಹ್ಯವಾಗುತ್ತವೆ.

ಕಳೆದುಕೊಳ್ಳುವುದೂ ಇದೆ. ಅದೇ ನಾಲ್ಕನೇ ಪುಸ್ತಕದಲ್ಲಿ ಬ್ರಿಯೆನ್ ಎಂಬ ಯೋಧೆ ಸಾನ್ಸಾ ಎಂಬ ಹುಡುಗಿಯನ್ನು ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ಸಾನ್ಸಾ ಎಲ್ಲಿದ್ದಾಳೆ ಅಂತ ಓದುಗರಿಗೆ ಮೊದಲೇ ಗೊತ್ತು. ಬ್ರಿಯೆನ್ ಹೋಗುತ್ತಿರುವುದು ಬೇರೆ ದಿಕ್ಕಿಗೆ. ಹುಡುಕಾಟದಲ್ಲಿ ಕುತೂಹಲವೇ ಇಲ್ಲ ಅಂದಮೇಲೆ ಹಾರಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಆ ದಾರಿಯಲ್ಲೇ ಬರಿಗಾಲಿನ ಒಬ್ಬ ಸನ್ಯಾಸಿ ಸಿಗುತ್ತಾನೆ. ಯಾರದೋ ಬಾವುಟದ ಕೆಳಗೆ ಯುದ್ಧಕ್ಕೆ ಹೋದ ರೈತರ ಮಕ್ಕಳು ಹೇಗೆ ಒಳಗೇ ಮುರಿದುಹೋಗಿ ದರೋಡೆಕೋರರಾಗುತ್ತಾರೆ ಅಂತ ಹೇಳುತ್ತಾನೆ. ಮೊದಲ ಮೂರು ಪುಸ್ತಕಗಳ ಯುದ್ಧವೆಲ್ಲ ಒಂದು ಕ್ಷಣ ತಲೆಕೆಳಗಾಗಿ ಕಾಣುತ್ತದೆ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು ಅದು. ಘಟನೆಗಳ ಪಟ್ಟಿ ಮಾಡಿದರೆ ಅಲ್ಲಿ ಏನೂ 'ನಡೆದಿಲ್ಲ'.

ಹಾಗಾಗಿ ಪೂರ್ತಿ ಹಾರಿಸುವ ಬದಲು ಹೀಗೆ ಮಾಡಿ. ಬೇಸರದ ಅಧ್ಯಾಯದ ಮೊದಲ ಎರಡು ಪುಟ ಮತ್ತು ಕೊನೆಯ ಎರಡು ಪುಟ ಓದಿ. ನಡುವಿನದರಲ್ಲಿ ಸಂಭಾಷಣೆಯ ಮೇಲೆ ಮಾತ್ರ ಕಣ್ಣಾಡಿಸಿ, ವರ್ಣನೆ ಬಿಡಿ. ಎಲ್ಲಾದರೂ ಕಣ್ಣು ತಾನಾಗಿ ನಿಂತರೆ ಅಲ್ಲಿಂದ ಸರಿಯಾಗಿ ಓದಿ. ಇ-ಬುಕ್ ಆದರೆ ಇನ್ನೂ ಸುಲಭ: ಮುಂದೆ ಯಾವುದೋ ಹೆಸರು ಅರ್ಥವಾಗದಿದ್ದರೆ ಹುಡುಕಿ ಹಿಂದಕ್ಕೆ ಬರಬಹುದು. 20 ಗಂಟೆಯ ಪುಸ್ತಕ ಹತ್ತಕ್ಕೋ ಹನ್ನೆರಡಕ್ಕೋ ಇಳಿಯುತ್ತದೆ.

ಆಡಿಯೋಬುಕ್

ಗಂಟೆ ಲೆಕ್ಕದಲ್ಲಿ ಇದು ದುಬಾರಿ, ಆದರೆ ಆ ಗಂಟೆಗಳು ಬೇರೆ ಕೆಲಸದ ಜೊತೆ ಕಳೆಯುತ್ತವೆ. ನಡಿಗೆ, ಪಾತ್ರೆ ತೊಳೆಯುವುದು, ಪ್ರಯಾಣ. ವೇಗ 1.25 ಪಟ್ಟು ಇಟ್ಟರೆ 33 ಗಂಟೆ 27ಕ್ಕೆ ಇಳಿಯುತ್ತದೆ. ದಾರಿಯ ವರ್ಣನೆ, ಊಟದ ವರ್ಣನೆ ಓದುವಾಗ ಬೇಸರ ತಂದರೂ ಕೇಳುವಾಗ ಹಿತವಾಗಿರುತ್ತದೆ. ತೊಂದರೆ ಹೆಸರುಗಳದ್ದು. ಐವತ್ತು ಪಾತ್ರ, ಇಪ್ಪತ್ತು ಊರು ಇದ್ದರೆ ಕಿವಿಯಲ್ಲಿ ಎಲ್ಲ ಕಲಸಿಹೋಗುತ್ತದೆ. ಹಿಂದಿನ ಪುಟ ತಿರುವಿ ನೋಡುವುದೂ ಕಷ್ಟ. ಹಾಗಾಗಿ ಮರೆವಿನಿಂದ ನಿಧಾನ ಅನ್ನಿಸುತ್ತಿರುವವರಿಗೆ ಇದು ಬೇಡ. ಮೊದಲು ಒಂದು ಮಾದರಿ ಕೇಳಿ. ಓದುವವರ ದನಿ ಹಿಡಿಸದಿದ್ದರೆ ಆ 27 ಗಂಟೆ ಇನ್ನೂ ಉದ್ದವಾಗುತ್ತದೆ.

ಸಾರಾಂಶ ಓದಿ ಮುಂದಕ್ಕೆ ಹಾರುವುದು

ಇದು ಸರಿಹೋಗುವುದು ಎರಡು ಷರತ್ತು ಕೂಡಿದಾಗ. ಮುಂದಿನ ಭಾಗ ಈಗಾಗಲೇ ಬಂದಿರಬೇಕು. ಅದರಲ್ಲಿ ವೇಗ ಮರಳಿದೆ ಅಂತ ಓದಿದವರು ಸಾಮಾನ್ಯವಾಗಿ ಒಪ್ಪಿರಬೇಕು.

ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ನೋಡಿ. 1990ರಲ್ಲಿ ಶುರುವಾಗಿ 2013ರಲ್ಲಿ ಮುಗಿದ 14 ಸಂಪುಟಗಳ ಸರಣಿ. 2007ರಲ್ಲಿ ಜೋರ್ಡನ್ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಪೂರೈಸಿದರು. ಅದರ ಹತ್ತನೇ ಸಂಪುಟ, 2003ರ 'ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್', ನಿಧಾನಕ್ಕೆ ಹೆಸರುವಾಸಿ. ಒಂಬತ್ತನೆಯದು ಒಂದು ಭಾರೀ ಘಟನೆಯಲ್ಲಿ ಮುಗಿಯುತ್ತದೆ. ಅದರ ಪರಿಣಾಮ ಏನು ಅಂತ ಹತ್ತನೆಯದನ್ನು ತೆರೆದರೆ, ಅದೇ ಹೊತ್ತಿಗೆ ಉಳಿದವರು ಎಲ್ಲೆಲ್ಲಿದ್ದರು, ಏನು ಮಾಡುತ್ತಿದ್ದರು ಅನ್ನುವುದೇ ಬಹಳ ದೂರ ಸಾಗುತ್ತದೆ. ನಾಯಕನ ಮುಖ ಕಾಣುವುದೇ ಅಪರೂಪ. 2005ರ ಹನ್ನೊಂದನೆಯದರಲ್ಲಿ ಕಥೆ ಮತ್ತೆ ಓಡುತ್ತದೆ. ಅಧ್ಯಾಯವಾರು ಸಾರಾಂಶಗಳೂ ಧಾರಾಳವಾಗಿ ಸಿಗುತ್ತವೆ. ಇಲ್ಲಿ ಹಾರಿದರೆ ನಷ್ಟ ಕಡಿಮೆ.

ಇದಕ್ಕೆ ಪೂರ್ತಿ ಉಲ್ಟಾ ಸ್ಟೀವನ್ ಎರಿಕ್ಸನ್ ಅವರ 'ಮಲಾಜನ್' ಸರಣಿ. 2000ದಲ್ಲಿ ಬಂದ ಎರಡನೇ ಪುಸ್ತಕ, 'ಡೆಡ್‌ಹೌಸ್ ಗೇಟ್ಸ್', ಓದುಗರನ್ನು ಬೇರೆ ಖಂಡಕ್ಕೇ ಕರೆದೊಯ್ಯುತ್ತದೆ. ಹಳೆಯ ಮುಖಗಳು ಕೆಲವೇ ಕೆಲವು. ಮೂರನೆಯದಕ್ಕೆ ಹಾರಿದರೆ ಹಳಬರು ಮತ್ತೆ ಸಿಗುತ್ತಾರೆ ಅನ್ನುವುದು ನಿಜ. ಆದರೆ ನಿರಾಶ್ರಿತರ ದೊಡ್ಡ ಗುಂಪನ್ನು ಕಾಪಾಡುತ್ತಾ ಒಂದು ಸೈನ್ಯ ಶತ್ರು ನಾಡಿನ ಉದ್ದಕ್ಕೂ ನಡೆದುಹೋಗುವ ಕಥೆ ಇರುವುದು ಇದೇ ಎರಡನೆಯದರಲ್ಲಿ. ಸಾರಾಂಶದಲ್ಲಿ ಅದು ಎರಡು ಸಾಲು. ಪುಸ್ತಕದಲ್ಲಿ ಆ ನಡಿಗೆಯ ದಣಿವು ನಿಮಗೂ ಆಗುತ್ತದೆ, ಕೊನೆಯಲ್ಲಿ ಎದೆ ಒಡೆಯುವುದು ಅದಕ್ಕೇ. ಆರಂಭದ ಗೊಂದಲಕ್ಕೆ ಹೆದರಿ ಇದನ್ನು ಹಾರಿಸಬೇಡಿ.

ಒಂದು ಎಚ್ಚರಿಕೆ: ಸಾರಾಂಶ ಹುಡುಕಲು ಹೋದರೆ ಮೂರನೇ, ನಾಲ್ಕನೇ ಭಾಗದ ಸ್ಪಾಯ್ಲರ್ ಕೂಡ ಕಣ್ಣಿಗೆ ಬೀಳುವ ಸಾಧ್ಯತೆ ಇದೆ. ಪಾತ್ರದ ಹೆಸರಿನಿಂದ ಹುಡುಕಬೇಡಿ, ಅವರು ಯಾವಾಗ ಸತ್ತರು ಅನ್ನುವುದೇ ಮೊದಲು ಬರುತ್ತದೆ. ಪುಸ್ತಕದ ಹೆಸರಿನಿಂದ ಹುಡುಕಿ. ಮೂರನೇ ಭಾಗದ ಆರಂಭದಲ್ಲೇ 'ಹಿಂದಿನ ಕಥೆ' ಅಂತ ಕೊಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಎತ್ತಿಡುವುದು, ಬಿಟ್ಟುಬಿಡುವುದು

ಸರಣಿ ಮುಗಿದಿಲ್ಲ, ಪುಸ್ತಕ ಕೆಟ್ಟದ್ದೂ ಅಲ್ಲ ಅಂದರೆ ಎತ್ತಿಡುವುದೇ ಜಾಣತನ. ಈಗ ಕಷ್ಟಪಟ್ಟು ಮುಗಿಸಿದರೂ ಮುಂದಿನ ಭಾಗ ಬರುವಷ್ಟರಲ್ಲಿ ಅರ್ಧ ಮರೆತಿರುತ್ತೀರಿ, ಮತ್ತೆ ಓದಬೇಕಾಗುತ್ತದೆ. ಎತ್ತಿಡುವ ಮೊದಲು ನಾಲ್ಕು ಸಾಲು ಬರೆದಿಡಿ: ಯಾರು ಎಲ್ಲಿದ್ದಾರೆ, ಯಾರಿಗೆ ಯಾವ ಗುಟ್ಟು ಗೊತ್ತು, ಎಲ್ಲಿ ನಿಲ್ಲಿಸಿದಿರಿ, ಯಾಕೆ ಬೇಸರವಾಯಿತು. ಕೊನೆಯದನ್ನು ಮರೆಯದೆ ಬರೆಯಿರಿ. ಎರಡು ವರ್ಷದ ನಂತರ ಅದು ಓದಿದಾಗ "ಅಯ್ಯೋ, ಇಷ್ಟೇನಾ" ಅನ್ನಿಸಿದರೆ ಮುಂದುವರಿಸಿ. "ಹೌದು, ಹೌದು" ಅನ್ನಿಸಿದರೆ ಬೇಡ.

ಬಿಡುವುದು ಯಾವಾಗ? ಮೇಲಿನ ಮೂರು ಅಧ್ಯಾಯದ ಪರೀಕ್ಷೆಯಲ್ಲಿ ಪುಸ್ತಕ ಸೋತಿದೆ, ಮರೆವಿನ ಸಮಸ್ಯೆಯೂ ಅಲ್ಲ, ಮೊದಲ ಭಾಗದಲ್ಲಿ ನಿಮ್ಮನ್ನು ಹಿಡಿದದ್ದು ಇದರಲ್ಲಿ ಇಲ್ಲವೇ ಇಲ್ಲ ಅಂತಾದರೆ ಬಿಡಿ. ಅರ್ಧ ಓದಿದ್ದೇನಲ್ಲ ಅನ್ನುವ ಕಾರಣಕ್ಕೆ ಉಳಿದರ್ಧ ಓದಬೇಕಿಲ್ಲ. ಹೋದ ಗಂಟೆ ಹೋಯಿತು, ಉಳಿದ ಹತ್ತು ಗಂಟೆ ಇನ್ನೂ ನಿಮ್ಮದೇ. ಮೊದಲ ಭಾಗದ ಮೇಲಿನ ಪ್ರೀತಿಗೆ ಇದರಿಂದ ಏನೂ ಆಗುವುದಿಲ್ಲ. ಅದನ್ನು ಒಂಟಿ ಕಾದಂಬರಿ ಅಂತಲೇ ಇಟ್ಟುಕೊಳ್ಳಬಹುದು.

ಎಷ್ಟು ಪುಟದವರೆಗೆ ಅವಕಾಶ ಕೊಡಬೇಕು ಅನ್ನುವುದಕ್ಕೆ ಎಲ್ಲರಿಗೂ ಒಂದೇ ಅಂಕಿ ಸರಿಹೋಗದು. ನಾನು ಮೂರನೇ ಒಂದು ಭಾಗ ಅನ್ನುತ್ತೇನೆ, ಒಂಬೈನೂರು ಪುಟಕ್ಕೆ ಮುನ್ನೂರು. ಅಷ್ಟರೊಳಗೆ ಹೊಸ ಪಾತ್ರಗಳ ಪರಿಚಯ ಮುಗಿದಿರುತ್ತದೆ, ಕಥೆ ಯಾವ ಕಡೆಗೆ ಅನ್ನುವುದು ತಿಳಿದಿರುತ್ತದೆ. ಅಲ್ಲಿಗೂ ಮನಸ್ಸು ಹಿಡಿಯದಿದ್ದರೆ, ಕೊನೆ ಏನಾಯಿತು ಅಂತ ತಿಳಿಯುವ ಆಸೆಯಷ್ಟೇ ಉಳಿದಿದ್ದರೆ, ಸಾರಾಂಶ ಓದಿ ತಿಳಿದುಕೊಳ್ಳಿ. ಆದರೆ ಮುಂದೆಂದಾದರೂ ಮರಳಿ ಬರುವ ಮನಸ್ಸು ಸ್ವಲ್ಪವಾದರೂ ಇದ್ದರೆ ಆ ಸಾರಾಂಶವನ್ನು ಮಾತ್ರ ಮುಟ್ಟಬೇಡಿ.